ಸರ್ಟಿಫಿಕೇಟ್ ಬಂತು, ಮುಂದೇನು? ಚೈತ್ರಾಳಿಗೆ ಅತ್ತೆಯ ಕಾಗದ

ಗಿರಿನಗರ, ಬೆಂಗಳೂರು

ಚಿ. ಚೈತ್ರಾಳಿಗೆ ಅತ್ತೆಯ ಆಶೀರ್ವಾದಗಳು.

ಊರಿನ ಕೆಲಸಕ್ಕೆ ಇಳಿಯುವವರಿಗೆ ಕೊಡುವ ನಾಯಕತ್ವ ತರಬೇತಿ ಮುಗಿಸಿ ನೀನು ಸರ್ಟಿಫಿಕೇಟ್ ಹಿಡಿದು ನಿಂತ ಫೋಟೋ ನೋಡಿದೆ. ಸೀರೆ ಚೆನ್ನಾಗಿತ್ತು. ನಿಮ್ಮಪ್ಪ ಅದನ್ನು ನೆಂಟರಿಗೆಲ್ಲ ಕಳಿಸಿದ್ದಾನೆ. ಚೈತ್ರಾ ಯಾವಾಗ ಕಾರ್ಪೊರೇಟರ್ ಆಗ್ತಾಳೆ ಅಂತ ಈಗ ಎಲ್ಲರೂ ನನ್ನನ್ನು ಕೇಳುತ್ತಿದ್ದಾರೆ. ಮೊನ್ನೆ ನೀನು "ಕ್ಲಾಸ್ ಮುಗೀತು ಅತ್ತೆ, ಇನ್ನು ಎಲ್ಲ ಬಿಟ್ಟುಹೋಗುತ್ತೇನೋ" ಅಂದೆಯಲ್ಲ, ಅದಕ್ಕೇ ಈ ಕಾಗದ. ಫೋನಿನಲ್ಲಿ ಹೇಳಿದರೆ "ಹೂಂ ಅತ್ತೆ" ಅಂತ ಇಟ್ಟುಬಿಡ್ತೀಯ.

ಮೊದಲು ನಿಮ್ಮ ಬ್ಯಾಚಿನ ವಾಟ್ಸಾಪ್ ಗುಂಪು. ಈಗ ಅದು ಬೆಳಗ್ಗೆಯಿಂದ ರಾತ್ರಿವರೆಗೆ ಟಿಂಗ್ ಟಿಂಗ್ ಅನ್ನುತ್ತಿರಬಹುದು. ದಸರಾ ಹೊತ್ತಿಗೆ ಶುಭಾಶಯದ ಚಿತ್ರಗಳು ಉಳಿಯುತ್ತವೆ. ಸಂಕ್ರಾಂತಿ ಹೊತ್ತಿಗೆ ಯಾರೋ "ಟು ಬಿಎಚ್‌ಕೆ ಬಾಡಿಗೆಗಿದೆ" ಅಂತ ಹಾಕುತ್ತಾರೆ. ಅದಕ್ಕೆ ಬೇಜಾರಾಗಬೇಡ, ಗುಂಪುಗಳ ಹಣೆಬರಹವೇ ಅಷ್ಟು. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಹೋಗಿ ನಿಂತರೆ ಮಾತ್ರ ಈ ಥರದ ಸ್ನೇಹ ಉಳಿಯುತ್ತದೆ. ಬ್ಯಾಚಿನ ಎಲ್ಲರನ್ನೂ ಹಿಡಿದಿಟ್ಟುಕೊಳ್ಳಲು ಹೋಗಬೇಡ. ಮೂರು ನಾಲ್ಕು ಜನ ಸಾಕು. ಒಬ್ಬರಿಗೆ ಕಾನೂನು ಗೊತ್ತಿರಲಿ, ಒಬ್ಬರಿಗೆ ಬಜೆಟ್ ಪುಸ್ತಕ ಓದಲು ಬರಲಿ, ಒಬ್ಬರಿಗೆ ಜನರ ಹತ್ತಿರ ಮಾತಾಡುವ ಕಲೆ ಇರಲಿ. ಯಲಹಂಕದ ಹುಡುಗ ಕೆರೆ ಏರಿ ಮೇಲೆ ಗಿಡ ನೆಡುವ ದಿನ ನೀನು ಬಸ್ಸು ಹತ್ತಿ ಹೋಗು. ನಿನ್ನ ನಾಗರಬಾವಿಯ ಫುಟ್‌ಪಾತ್ ಅಳೆಯುವ ದಿನ ಅವನು ಬಂದು ಟೇಪಿನ ಇನ್ನೊಂದು ತುದಿ ಹಿಡಿಯಲಿ. ಅಷ್ಟಾದರೆ ಗೆಟ್ ಟುಗೆದರ್ ಇಟ್ಟುಕೊಳ್ಳದಿದ್ದರೂ ನಡೆಯುತ್ತದೆ.

2016ರ ಅಕ್ಟೋಬರ್ 16, ಭಾನುವಾರ. "ಸ್ಟೀಲ್ ಫ್ಲೈಓವರ್ ಬೇಡ" ಅಂತ ಜನ ಚಾಲುಕ್ಯ ಸರ್ಕಲ್‌ನಿಂದ ಮೇಖ್ರಿ ಸರ್ಕಲ್ ಕಡೆಗೆ ಸಾಲಾಗಿ ನಿಂತಿದ್ದರಲ್ಲ, ನೀನಾಗ ಚಿಕ್ಕವಳು. ಮುಂದಿನ ಮಾರ್ಚ್‌ನಲ್ಲಿ ಸರ್ಕಾರ ಆ ಯೋಜನೆ ಕೈಬಿಟ್ಟಿತು. ಟಿವಿಯಲ್ಲಿ ನೋಡಿದವರಿಗೆ ಅದು ಒಂದೇ ದಿನದ ಪವಾಡ ಅನ್ನಿಸಿತು. ಕೆರೆ, ಮರ, ಕಸ, ಬಸ್ಸು ಅಂತ ಈ ಊರಲ್ಲಿ ಬೇರೆ ಬೇರೆ ಮೂಲೆಯಲ್ಲಿ ವರ್ಷಗಟ್ಟಲೆ ಒದ್ದಾಡಿದವರಿದ್ದರು. ಅವರಿಗೆ ಒಬ್ಬರ ನಂಬರ್ ಇನ್ನೊಬ್ಬರ ಹತ್ತಿರ ಇತ್ತು, ಒಬ್ಬರ ಮಾತಿಗೆ ಇನ್ನೊಬ್ಬರು ಬರುತ್ತಿದ್ದರು. ನನ್ನ ಲೆಕ್ಕದಲ್ಲಿ ಪವಾಡ ಅಂದರೆ ಅದು.

ಈಗ ಸೇವೆಯ ಮಾತು. ಇಡೀ ಬೆಂಗಳೂರನ್ನು ಉದ್ಧಾರ ಮಾಡಲು ಹೊರಡಬೇಡ, ಅಂಥ ಆರಂಭಶೂರರನ್ನು ತುಂಬಾ ನೋಡಿದ್ದೇನೆ. ಒಂದು ಬೀದಿ ಹಿಡಿ, ಒಂದೇ ಒಂದು ವಿಷಯ ಹಿಡಿ. ನಮ್ಮ ತಿರುವಿನಲ್ಲಿ ಟ್ರಾನ್ಸ್‌ಫಾರ್ಮರ್ ಪಕ್ಕ ಕಸ ಸುರಿಯುವ ಜಾಗ ಇತ್ತಲ್ಲ, ನೀನು ಮೂಗು ಮುಚ್ಚಿಕೊಂಡು ಓಡುತ್ತಿದ್ದೆ. ಪಾಲಿಕೆಯವರ ಬಾಯಲ್ಲಿ ಅದು ಬ್ಲ್ಯಾಕ್ ಸ್ಪಾಟ್. ದಂಡ ಹಾಕ್ತೀವಿ ಅಂತ ಬೋರ್ಡ್ ನೆಟ್ಟರು. ಗೋಡೆಗೆ ದೇವರ ಟೈಲ್ಸ್ ಅಂಟಿಸಿದರು. ನಾವು ಹೆಂಗಸರು ಸೇರಿ ಗುಡಿಸಿ, ನೀರು ಹಾಕಿ, ದೊಡ್ಡ ರಂಗೋಲಿ ಬಿಟ್ಟೆವು. ಒಂದು ವಾರ ಯಾರೂ ಕಸ ಹಾಕಲಿಲ್ಲ. ಆಮೇಲೆ ರಂಗೋಲಿ ತುಳಿಯಬಾರದು ಅಂತ ಭಯಭಕ್ತಿಯಿಂದ ಅದರ ಪಕ್ಕದಲ್ಲಿ ಹಾಕತೊಡಗಿದರು!

ಕೊನೆಗೆ ಎದುರು ಮನೆಯ ರಿಟೈರ್ಡ್ ಮೇಷ್ಟ್ರು ಬೆಳಗ್ಗೆ ಬೆಳಗ್ಗೆ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು, ಪೇಪರ್ ಓದುವ ನೆಪದಲ್ಲಿ, ಯಾರು ಸುರಿಯುತ್ತಾರೆ ಅಂತ ನೋಡಿದರು. ಬೈಯಲಿಲ್ಲ, ಫೋಟೋ ತೆಗೆಯಲಿಲ್ಲ, ಸುಮ್ನೆ ನೋಡಿದರು. ಬರುತ್ತಿದ್ದವರು ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು, ಪಿಜಿಯ ಹುಡುಗರು. ಅವರೆಲ್ಲ ಎಂಟಕ್ಕೆ ಮನೆ ಬಿಡುತ್ತಾರೆ. ಕಸದ ಆಟೋ ಬರುತ್ತಿದ್ದದ್ದು ಒಂಬತ್ತೂವರೆಗೆ. ಅವರಾದರೂ ಏನು ಮಾಡಬೇಕು, ಕವರನ್ನು ಊಟದ ಡಬ್ಬಿ ಜೊತೆ ಫ್ಯಾಕ್ಟರಿಗೆ ಒಯ್ಯಬೇಕಾ? ಮೇಷ್ಟ್ರು ಆಟೋ ಡ್ರೈವರ್ ಹತ್ತಿರ, ಪೌರಕಾರ್ಮಿಕರ ಮೇಸ್ತ್ರಿ ಹತ್ತಿರ ಮಾತಾಡಿ ನಮ್ಮ ಬೀದಿಯ ಸರದಿಯನ್ನು ಮೊದಲಿಗೆ ತಂದರು. ಪಿಜಿ ಓನರ್‌ಗೆ ಹೇಳಿ ಡಬ್ಬಗಳನ್ನು ಇಡಿಸಿದರು. ಹಸಿ ಕಸಕ್ಕೆ ಹಸಿರು, ಪ್ಯಾಡ್ ಡಯಾಪರ್‌ಗೆ ಕೆಂಪು, ಒಣ ಕಸಕ್ಕೆ ಚೀಲ. 2015ರ ಡಿಸೆಂಬರ್‌ನಲ್ಲೇ ಹೈಕೋರ್ಟ್ ಹೇಳಿದ್ದ "ಎರಡು ಡಬ್ಬ, ಒಂದು ಚೀಲ" ನಮ್ಮ ತಿರುವಿಗೆ ಬಂದು ಮುಟ್ಟಿದ್ದು ಹೀಗೆ.

ತರಬೇತಿಯಲ್ಲಿ ನಿಮಗೂ "ಸಮಸ್ಯೆಯ ಮೂಲ ಹುಡುಕಿ" ಅಂತ ಸ್ಲೈಡ್ ತೋರಿಸಿರುತ್ತಾರೆ. ಮೂಲ ಅಂದರೆ ಎಷ್ಟೋ ಸಲ ಇಷ್ಟೇ ಕಣೇ, ಆಟೋ ಎಷ್ಟು ಗಂಟೆಗೆ ಬರುತ್ತದೆ ಅನ್ನೋದು. ಇನ್ನೊಂದು ವಿಷಯ ಗಮನಿಸು. ಮೇಷ್ಟ್ರು ಕೆಲಸ ಆದ ಮೇಲೆ ಆ ಮೇಸ್ತ್ರಿಯನ್ನು ಮರೆಯಲಿಲ್ಲ. ಅವರ ಮಗಳ ಮದುವೆಗೆ ಹೋಗಿ ಉಂಡು ಬಂದರು. ಈಗ ಚರಂಡಿ ಕಟ್ಟಿಕೊಂಡರೆ ಯಾರೂ ಆ್ಯಪ್ ತೆರೆಯೋದಿಲ್ಲ, ಮೇಷ್ಟ್ರ ಮನೆ ಬೆಲ್ ಒತ್ತುತ್ತಾರೆ.

ಆಫೀಸಿನ ದಾರಿ ಸ್ವಲ್ಪ ಬೇರೆ. ಬಿಬಿಎಂಪಿಯ 198 ವಾರ್ಡುಗಳ ಕಾಲದಲ್ಲಿ ತಿಂಗಳ ಮೊದಲ ಶನಿವಾರ ಕಾರ್ಪೊರೇಟರೂ ವಾರ್ಡಿನ ಜನರೂ ಕೂರುವ ವಾರ್ಡ್ ಕಮಿಟಿ ಸಭೆ ಅಂತ ಗೊತ್ತು ಮಾಡಿದ್ದರು. ಕೆಲವು ಕಡೆ ನಡೆಯಿತು, ಕೆಲವು ಕಡೆ ರಿಜಿಸ್ಟರಿನಲ್ಲಿ ಮಾತ್ರ ನಡೆಯಿತು. 2020ರ ಸೆಪ್ಟೆಂಬರ್‌ಗೆ ಕೌನ್ಸಿಲ್ ಅವಧಿ ಮುಗಿದು, ಆಮೇಲೆ ವರ್ಷಗಟ್ಟಲೆ ಕಾರ್ಪೊರೇಟರೇ ಇರಲಿಲ್ಲ. ಸಭೆಯ ಕುರ್ಚಿಯಲ್ಲಿ ನೋಡಲ್ ಅಧಿಕಾರಿ ಕೂತರು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದವು. ವಾರ್ಡಿನ ಗಡಿಯೂ ಬದಲಾಯಿತು. ನಮ್ಮ ಬೀದಿಯಲ್ಲಿ ವಿಚಾರಿಸು, ತಾವು ಯಾವ ಪಾಲಿಕೆ ಅಂತಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ನಿನ್ನ ಮೊದಲ ಕೆಲಸ ಅದೇ ಆಗಬಹುದು. ಒಂದು ಹಾಳೆಯಲ್ಲಿ ದೊಡ್ಡಕ್ಷರದಲ್ಲಿ ಬರೆ: ನಮ್ಮದು ಯಾವ ಪಾಲಿಕೆ, ಯಾವ ವಾರ್ಡು, ಎಇ (ಅಸಿಸ್ಟೆಂಟ್ ಎಂಜಿನಿಯರ್) ಯಾರು, ಹೆಲ್ತ್ ಇನ್ಸ್‌ಪೆಕ್ಟರ್ ಯಾರು, ಬೆಸ್ಕಾಂಗೆ 1912, ಜಲಮಂಡಳಿಗೆ 1916. ಅದನ್ನು ಹಾಲಿನ ಬೂತಿನಲ್ಲಿ, ಕಿರಾಣಿ ಅಂಗಡಿಯಲ್ಲಿ ಅಂಟಿಸು. ಇದರಲ್ಲಿ ಫೋಟೋ ತೆಗೆಸಿಕೊಳ್ಳುವಂಥದ್ದು ಏನಿಲ್ಲ, ಆದರೆ ಜನ ಓದುತ್ತಾರೆ.

ದೂರು ಕೊಡುವಾಗ "ನಮ್ಮ ರಸ್ತೆ ಸರಿ ಇಲ್ಲ ಸಾರ್" ಅನ್ನಬೇಡ. ಅದಕ್ಕೆ "ಎಸ್ಟಿಮೇಟ್ ಹಾಕಿದ್ದೀವಿ ಮೇಡಂ" ಅನ್ನೋ ಉತ್ತರ ರೆಡಿ ಇರುತ್ತದೆ. ದೀಪ ಉರಿಯದಿದ್ದರೆ ಕಂಬದ ನಂಬರ್ ಹೇಳು. ರಸ್ತೆ ಕಿತ್ತಿದ್ದರೆ ಆ ಕಾಮಗಾರಿಯ ಜಾಬ್ ಕೋಡ್, ಅಂದರೆ ಅದಕ್ಕೆ ಪಾಲಿಕೆ ಕೊಟ್ಟ ನಂಬರ್ ಕೇಳು, ಗುತ್ತಿಗೆದಾರ ಎಷ್ಟು ವರ್ಷ ರಿಪೇರಿಯ ಹೊಣೆ ಹೊತ್ತಿದ್ದಾನೆ ಅಂತ ಕೇಳು. ಕೊಡಲಿಲ್ಲ ಅಂದರೆ ಆರ್‌ಟಿಐ ಇದೆ, 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಆದರೆ ಮೊದಲ ಭೇಟಿಯಲ್ಲೇ ಅದನ್ನು ತೆಗೆಯಬೇಡ. ಮೊದಲು ಬಾಯಿಮಾತಿನಲ್ಲಿ ಕೇಳು, ಆಮೇಲೆ ಕಾಗದ ಕೊಟ್ಟು ಸ್ವೀಕೃತಿಯ ಸೀಲು ಹಾಕಿಸಿಕೋ, ಅದೂ ಆಗದಿದ್ದರೆ ಆರ್‌ಟಿಐ. ಪಾಲಿಕೆಯವರು ಡಾಂಬರು ಹಾಕುವುದು, ಹಿಂದೆಯೇ ಬೇರೆ ಇಲಾಖೆಯವರು ಪೈಪಿಗೆ ಅಗೆಯುವುದು, ಎತ್ತು ಏರಿಗೆ ಕೋಣ ನೀರಿಗೆ ಅನ್ನೋ ಈ ಕಥೆ ನಿಲ್ಲೋದಿಲ್ಲ. ಡಾಂಬರು ಹಾಕುವ ಮುಂಚೆಯೇ ಇಬ್ಬರಿಗೂ ಒಂದೊಂದು ಕಾಗದ ಕೊಟ್ಟು, ಒಬ್ಬರದರ ಪ್ರತಿ ಇನ್ನೊಬ್ಬರಿಗೂ ಹೋಗುವ ಹಾಗೆ ನೋಡಿಕೊಂಡರೆ ಸ್ವಲ್ಪ ಉಪಯೋಗ ಆಗುತ್ತದೆ. ಮತ್ತೆ, ಕೆಲಸ ಆದಾಗಲೂ ಎಇಗೆ ಫೋನ್ ಮಾಡು. ಬರೀ ಬೈಯೋಕೆ ಫೋನ್ ಮಾಡುವವರ ನಂಬರನ್ನು ಯಾರೂ ಎತ್ತೋದಿಲ್ಲ.

ಚುನಾವಣೆ ಬಂದಾಗ ಎಲ್ಲ ಪಕ್ಷದವರೂ ನಿನ್ನನ್ನು ಹುಡುಕಿಕೊಂಡು ಬರುತ್ತಾರೆ. ನಿಲ್ಲಬೇಕು ಅನ್ನಿಸಿದರೆ ಧಾರಾಳವಾಗಿ ನಿಲ್ಲು. ಬಿ.ಪ್ಯಾಕ್ ಅನ್ನೋ ನಾಗರಿಕರ ಸಂಸ್ಥೆಯವರು 2013ರಲ್ಲಿ ಶುರು ಮಾಡಿದ ತರಬೇತಿಯಲ್ಲಿ ಕಲಿತ ಕೆಲವರು 2015ರ ಪಾಲಿಕೆ ಚುನಾವಣೆಗೆ ನಿಂತಿದ್ದರು. ಅದು ತಪ್ಪಲ್ಲ. ಆದರೆ ಬೀದಿಯವರ ಗುಂಪನ್ನು ನಿನ್ನ ಜೊತೆ ಒಂದು ಪಕ್ಷದ ಮನೆಗೆ ಎಳೆದುಕೊಂಡು ಹೋಗಬೇಡ. ನಿಲ್ಲುವ ಮನಸ್ಸಿದ್ದರೆ ಗುಂಪಿನ ಜವಾಬ್ದಾರಿಯನ್ನು ಇನ್ನೊಬ್ಬರಿಗೆ ಕೊಟ್ಟು, ಎಲ್ಲರಿಗೂ ಹೇಳಿ ಹೊರಡು. ನಿಲ್ಲೋದಿಲ್ಲ ಅಂದರೂ ಕೆಲಸ ಇದೆ. 2015ರಲ್ಲಿ ಸುಮಾರು ಅರ್ಧದಷ್ಟು ಜನ ಮಾತ್ರ ಓಟು ಹಾಕಿದರು. ಬಾಡಿಗೆ ಮನೆ ಬದಲಿಸಿದವರ ಹೆಸರು ಹಳೆ ಏರಿಯಾದಲ್ಲೇ ಇರುತ್ತದೆ. ಹೊಸ ಹೆಸರಿಗೆ ಫಾರಂ 6, ವಿಳಾಸ ಬದಲಾವಣೆಗೆ ಫಾರಂ 8. ಒಂದು ಭಾನುವಾರ ನಿಮ್ಮ ಬೀದಿಯ ಪಿಜಿಗಳಲ್ಲಿ, ಮನೆಕೆಲಸಕ್ಕೆ ಬರುವವರ ವಠಾರದಲ್ಲಿ ಕೂತು ತುಂಬಿಸಿಕೊಡು. ನಾಯಕತ್ವದ ದೊಡ್ಡ ಭಾಷಣಕ್ಕಿಂತ ಇದು ಎಷ್ಟೋ ವಾಸಿ. (ಭಾಷಣ ಕೇಳಲೇಬೇಕು ಅನ್ನಿಸಿದರೆ ಇಲ್ಲೇ ನಮ್ಮ ಹತ್ತಿರ, ಡಿ.ವಿ.ಜಿ. ಅವರು 1945ರಲ್ಲಿ ಕಟ್ಟಿದ ಗೋಖಲೆ ಸಂಸ್ಥೆ ಇದೆ. ನಿನ್ನ ತಾತ ಸಂಜೆ ಹೊತ್ತು ಅಲ್ಲಿಗೆ ಹೋಗುತ್ತಿದ್ದರು. ನಾಗರಿಕರಿಗೆ ಪಾಠ ಹೇಳೋದು ಈ ಊರಿಗೆ ಹೊಸದೇನಲ್ಲ.)

ಇದಕ್ಕಾಗಿ ಸಂಬಳದ ಕೆಲಸ ಬಿಡುವ ಯೋಚನೆ ಮಾತ್ರ ಬೇಡ. ವಾರಕ್ಕೆ ಅರ್ಧ ದಿನ ಸಾಕು, ಆದರೆ ತಪ್ಪಿಸಬೇಡ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆ ನೋಡಿಕೊಂಡು ಬಾ. 2010ರ ಹೊತ್ತಿಗೆ ಅಕ್ಕಪಕ್ಕದ ನಿವಾಸಿಗಳೇ ಟ್ರಸ್ಟ್ ಮಾಡಿಕೊಂಡು ಅದರ ಬೆನ್ನು ಹತ್ತಿದರು. ಕೆರೆ ಉದ್ಘಾಟನೆ ಒಂದು ದಿನದ್ದು. ಕಳೆ ತೆಗೆಸೋದು, ಒಳಹರಿವು ನೋಡಿಕೊಳ್ಳೋದು, ದೇಣಿಗೆ ಕೇಳೋದು ಪ್ರತಿ ತಿಂಗಳದ್ದು. ಅಂಥವರನ್ನು ಹುಡುಕಿ ಮಾತಾಡಿಸು.

ನಿಮ್ಮ ತರಬೇತಿಯವರು ಮುಂದಿನ ಬ್ಯಾಚಿಗೆ ಕರೆದರೆ ಹೋಗು. ಆದದ್ದನ್ನು ಎಲ್ಲರೂ ಹೇಳುತ್ತಾರೆ, ಆಗದೇ ಇದ್ದದ್ದನ್ನು ಹೇಳು. ಹೊಸಬರಿಗೆ ಅದೇ ಬೇಕು.

ಇನ್ನೊಂದು ಮಾತು. ನಿನ್ನ ಬ್ಯಾಚಿನಲ್ಲಿ ಸಿವಿಲ್ ಎಂಜಿನಿಯರ್ ಹುಡುಗಿ ಇದ್ದಾಳೆ, ಮಳೆನೀರು ಚರಂಡಿಯ ನಕ್ಷೆ ಓದುತ್ತಾಳೆ ಅಂದಿದ್ದೆಯಲ್ಲ. ಅವಳ ನಂಬರ್ ಕಳಿಸು, ಮೊದಲು ಅವಳನ್ನು ಕೇಳಿ ಕಳಿಸು. ಮೇ ತಿಂಗಳ ಮಳೆಗೆ ನಮ್ಮ ಮೂರನೇ ಕ್ರಾಸ್‌ನಲ್ಲಿ ನೀರು ನಿಲ್ಲುತ್ತಿದೆ. ಎಇ ಇಳಿಜಾರು ಸರಿ ಇದೆ ಅಂತಾರೆ, ಮೇಷ್ಟ್ರು ಇಲ್ಲ ಅಂತಾರೆ. ಬರುವ ಶನಿವಾರ ನೀನೂ ಅವಳನ್ನು ಕರೆದುಕೊಂಡು ಬಾ. ಮಧ್ಯಾಹ್ನ ಊಟ ಇಲ್ಲೇ, ಹುರುಳಿಕಾಳು ಬಸ್ಸಾರು ಮಾಡಿರುತ್ತೇನೆ. ಬರುವಾಗ ಉದ್ದ ಟೇಪು ತಾ, ನಮ್ಮದು ಐದು ಮೀಟರಿಗೇ ಮುಗಿಯುತ್ತದೆ.

ಇಂತಿ ನಿನ್ನ
ಅತ್ತೆ