ಲೆನ್ಸ್ ಜೊತೆ ಯುವಿ ಫಿಲ್ಟರ್ ಇನ್ನು ತಾನಾಗಿ ಬರುವುದಿಲ್ಲ

ನಮ್ಮ ಎಲ್ಲ ಗ್ರಾಹಕರಿಗೆ ನಮಸ್ಕಾರ.

ನಮ್ಮಲ್ಲಿ ಲೆನ್ಸ್ ತಗೊಂಡವರಿಗೆಲ್ಲ ಇದು ಗೊತ್ತಿರುತ್ತದೆ. ಬಿಲ್ ಬರೆಯುವ ಹೊತ್ತಿಗೆ ನಾವು ಒಂದು ಯುವಿ ಫಿಲ್ಟರ್ (ಅತಿನೇರಳೆ ಕಿರಣ ತಡೆಯುವ ಗಾಜು) ತೆಗೆದು ಲೆನ್ಸಿನ ಮುಂದೆ ತಿರುಗಿಸಿ ಕೂರಿಸುತ್ತಿದ್ದೆವು. ಬೇಕಾ ಬೇಡವಾ ಅಂತ ಕೇಳುತ್ತಲೂ ಇರಲಿಲ್ಲ. ಬಿಲ್ಲಿನಲ್ಲಿ ಒಂದು ಸಾಲು ಜಾಸ್ತಿ ಆಗುತ್ತಿತ್ತು, ನಮಗೂ ನಾಲ್ಕು ಕಾಸು ಉಳಿಯುತ್ತಿತ್ತು. ಜೂನ್ 1ರಿಂದ ಈ ಪದ್ಧತಿ ನಿಲ್ಲಿಸುತ್ತಿದ್ದೇವೆ. ಅದರ ಬದಲು ಪೋಲರೈಸರ್ (ಹೊಳಪು, ಪ್ರತಿಬಿಂಬ ಇಳಿಸುವ ಗಾಜು) ಮತ್ತು ಎನ್‌ಡಿ (ಬೆಳಕು ಕಡಿಮೆ ಮಾಡುವ ಗಾಜು) ಫಿಲ್ಟರುಗಳನ್ನು ಬಾಡಿಗೆಗೆ ಕೊಡುತ್ತೇವೆ. ಯಾಕೆ ಅಂತ ಹೇಳಬೇಕಲ್ವಾ?

ಕಳೆದ ಎಳ್ಳಮಾವಾಸ್ಯೆಗೆ ತೀರ್ಥಹಳ್ಳಿಯ ತೆಪ್ಪೋತ್ಸವದ ಫೋಟೋ ತೆಗೆದ ಗ್ರಾಹಕರೊಬ್ಬರು ಮಾರನೇ ವಾರ ಲೆನ್ಸ್ ಹಿಡಿದು ಬಂದರು. ಅವರ ಪ್ರತಿ ಫೋಟೋದಲ್ಲೂ ದೀಪಗಳ ಜೊತೆಗೆ ಇಲ್ಲದ ದೀಪಗಳೂ ಇದ್ದವು. ಕತ್ತಲ ನಡುವೆ ಹಸಿರು ಹಸಿರಾಗಿ ತೇಲುತ್ತಿದ್ದವು. "ಕೊಳ್ಳಿದೆವ್ವ ಹಿಡಿದಿದೆ ನಿಮ್ಮ ಲೆನ್ಸಿಗೆ" ಅಂದರು. ಒಳಗಿನ ಕತ್ತಲೆ ಕೋಣೆಯಲ್ಲಿ ಒಂದು ಬಲ್ಬ್ ಹಚ್ಚಿ ಪರೀಕ್ಷೆ ಮಾಡಿದೆವು. ಫಿಲ್ಟರ್ ಬಿಚ್ಚಿದ ಕೂಡಲೇ ದೆವ್ವ ಹೋಯಿತು. ಆ ಫಿಲ್ಟರ್ ನಾವೇ ಮಾರಿದ್ದು. ಅವತ್ತು ನಮಗೆ ಮುಖ ಎತ್ತಲು ಆಗಲಿಲ್ಲ.

ಆಗಿದ್ದಿಷ್ಟು. ಲೇಪನ ಇಲ್ಲದ ಗಾಜಿನ ಒಂದೊಂದು ಮೈಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು 4 ಶೇಕಡ ವಾಪಸ್ ಎಸೆಯುತ್ತದೆ. ಫಿಲ್ಟರಿಗೆ ಎರಡು ಮೈ, ಅಂದರೆ ಸುಮಾರು 8 ಶೇಕಡ. ಹಗಲಲ್ಲಿ ಇದು ಅಷ್ಟಾಗಿ ಕಾಣುವುದಿಲ್ಲ. ರಾತ್ರಿ ದೀಪದ ಬೆಳಕು ಸೆನ್ಸರಿಗೆ (ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಚಿಪ್) ಬಡಿದು ಹಿಂದೆ ಬರುತ್ತದೆ, ಚಪ್ಪಟೆ ಫಿಲ್ಟರಿಗೆ ತಾಗಿ ಮತ್ತೆ ಒಳಗೆ ಹೋಗುತ್ತದೆ. ಫೋಟೋದ ಬಲಮೂಲೆಯಲ್ಲಿ ದೀಪ ಇದ್ದರೆ ಎದುರಿನ ಎಡಮೂಲೆಯಲ್ಲಿ ಅದರ ತಲೆಕೆಳಗಾದ ಬಿಂಬ ಮೂಡುತ್ತದೆ. ಒಳ್ಳೆಯ ಮಲ್ಟಿಕೋಟಿಂಗ್ (ಬೆಳಕು ವಾಪಸ್ ಎಸೆಯದಂತೆ ಹಚ್ಚುವ ಹಲವು ಪದರದ ಲೇಪನ) ಇರುವ ಫಿಲ್ಟರಿನಲ್ಲಿ ಇದು ತುಂಬಾ ಕಡಿಮೆ. ನಾವು ಸುಮ್ನೆ ಸೇರಿಸಿ ಕೊಡುತ್ತಿದ್ದ ಅಗ್ಗದ ಮಾಲಿನಲ್ಲಿ ಆ ಕೋಟಿಂಗ್ ಇರಲಿಲ್ಲ.

ಯುವಿ ಫಿಲ್ಟರಿಗೆ ಒಂದು ಕಾಲ ಇತ್ತು. ಫಿಲಂ ರೋಲಿಗೆ ಅತಿನೇರಳೆ ಕಿರಣ ತಾಗುತ್ತಿತ್ತು. ಕೊಡಚಾದ್ರಿಯಂಥ ಎತ್ತರದಿಂದ ತೆಗೆದ ಫೋಟೋದಲ್ಲಿ ದೂರದ ಬೆಟ್ಟಗಳು ನೀಲಿ ಮಬ್ಬಾಗಿ ಬರುತ್ತಿದ್ದವು. ಫಿಲ್ಟರ್ ಅದನ್ನು ತಡೆಯುತ್ತಿತ್ತು. ಈಗಿನ ಡಿಜಿಟಲ್ ಕ್ಯಾಮೆರಾದಲ್ಲಿ ಸೆನ್ಸರ್ ಮುಂದೆಯೇ ಆ ಕಿರಣ ತಡೆಯುವ ಗಾಜು ಇರುತ್ತದೆ. ಹಾಗಾಗಿ ಈಗ ಯುವಿ ಫಿಲ್ಟರ್ ಅಂದರೆ ಬರೀ ಒಂದು ಕಾವಲು ಗಾಜು. "ಆಗುಂಬೆಯ ಮಂಜು ತೆಗೆಯೋ ಫಿಲ್ಟರ್ ಇದೆಯಾ" ಅಂತ ಈಗಲೂ ಕೇಳುವವರಿದ್ದಾರೆ. ಅದು ನೀರಿನ ಹನಿ ಸ್ವಾಮಿ, ಯಾವ ಗಾಜಿಗೂ ಜಗ್ಗುವುದಿಲ್ಲ.

ಕಾವಲು ಬೇಕೇ ಬೇಕು ಅನ್ನುವ ಜಾಗಗಳಿವೆ. ಮದುವೆ ಫೋಟೋ ತೆಗೆಯುವವರಿಗೆ ಅಕ್ಷತೆ, ಅರಿಶಿನ ನೀರು ಎಲ್ಲ ಕಡೆಯಿಂದ ಹಾರಿ ಬರುತ್ತದೆ. ಸಕ್ರೆಬೈಲಿನಲ್ಲಿ ಆನೆ ಸ್ನಾನದ ಹತ್ತಿರ ನಿಂತರೆ ಸೊಂಡಿಲ ನೀರು ಲೆನ್ಸಿಗೇ. ಬೈಕಿನಲ್ಲಿ ಕೆಮ್ಮಣ್ಣಿನ ದಾರಿ ಸುತ್ತುವವರ ಕಥೆಯೂ ಅಷ್ಟೆ. ಇಂಥ ಕಡೆ ಹಾಕಿ, ಆದರೆ ಕೋಟಿಂಗ್ ಇರುವುದನ್ನೇ ಹಾಕಿ. ಕ್ಯಾನನ್‌ನ ಕೆಲವು ಎಲ್ (ದುಬಾರಿ ದರ್ಜೆಯ) ಲೆನ್ಸುಗಳಿಗೆ ಮುಂದೆ ಫಿಲ್ಟರ್ ಹಾಕಿದರೇ ನೀರು ಧೂಳಿನ ತಡೆ ಪೂರ್ತಿಯಾಗುವುದು, ಕಂಪನಿಯೇ ಹಾಗೆ ಹೇಳಿದೆ. ಆದರೆ ಲೆನ್ಸ್ ಕೈತಪ್ಪಿ ಬಿದ್ದರೆ ಫಿಲ್ಟರ್ ಕಾಪಾಡುತ್ತದೆ ಅನ್ನುವುದನ್ನು ಪೂರ್ತಿ ನಂಬಬೇಡಿ. ಅದು ತೆಳು ಗಾಜು. ಒಡೆದ ಚೂರೇ ಲೆನ್ಸಿಗೆ ಗೀರು ಹಾಕಬಹುದು. ಪೆಟ್ಟು ತಡೆಯಲು ಹುಡ್ (ಲೆನ್ಸಿನ ತುದಿಗೆ ಹಾಕುವ ಕೊಳವೆಯಂಥ ಮರೆ) ವಾಸಿ, ಪಕ್ಕದ ಬಿಸಿಲನ್ನೂ ತಡೆಯುತ್ತದೆ. ದಯವಿಟ್ಟು ಅದನ್ನು ತಿರುವಿ ಹಾಕಿಕೊಂಡು ಓಡಾಡಬೇಡಿ, ನೋಡಿದರೆ ನಮಗೆ ಸಂಕಟ.

ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಫಿಲ್ಟರ್ ಹಾಕಿದರೆ ಲೆನ್ಸಿಗೆ ಫಂಗಸ್ (ಬೂಸ್ಟು) ಬರುವುದಿಲ್ಲ ಅಂತ ನಮ್ಮ ಕೌಂಟರಿನಲ್ಲೇ ಹೇಳಿದ್ದುಂಟು. ಅದು ಸುಳ್ಳು. ಮಲೆನಾಡಿನ ಮಳೆಗಾಲದಲ್ಲಿ ಫಂಗಸ್ ಬರುವುದು ಗಾಳಿಯ ತೇವದಿಂದ. ಒದ್ದೆ ಲೆನ್ಸಿಗೆ ಫಿಲ್ಟರ್ ಬಿಗಿದು ಇಟ್ಟರೆ ನಡುವೆ ತೇವ ಉಳಿದು ಇನ್ನಷ್ಟು ಕೆಟ್ಟದ್ದು. ಲೆನ್ಸ್ ಇಡಲು ಗಾಳಿಯಾಡದ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್. ಕೈಲಾದವರಿಗೆ 40ರಿಂದ 50 ಶೇಕಡ ತೇವಕ್ಕೆ ಇಟ್ಟ ಡ್ರೈ ಕ್ಯಾಬಿನೆಟ್. ಚರ್ಮದ ಬ್ಯಾಗಿನಲ್ಲಿ ಸುತ್ತಿ ಬೀರುವಿಗೆ ಹಾಕಿದರೆ ದೀಪಾವಳಿಗೆ ತೆಗೆಯುವಾಗ ಜೇಡರ ಬಲೆ ಕಾಣುತ್ತದೆ.

ಈಗ ನಮ್ಮೂರಿಗೆ ನಿಜಕ್ಕೂ ಬೇಕಾದ ಫಿಲ್ಟರಿಗೆ ಬರೋಣ. ನಮ್ಮನ್ನು ಕೇಳಿದರೆ ಅದು ಪೋಲರೈಸರ್. ಬಿಸಿಲಿಗೆ, ನೀಲಿ ಆಕಾಶಕ್ಕೆ ಮಾತ್ರ ಅಂತ ಅಂದುಕೊಂಡವರೇ ಜಾಸ್ತಿ. ಜುಲೈನಲ್ಲಿ ಮಳೆ ನಿಂತ ಅರ್ಧ ಗಂಟೆಗೆ ಒಂದು ಅಡಿಕೆ ತೋಟಕ್ಕೆ ಹೋಗಿ ನೋಡಿ. ಮೋಡ ಕವಿದಿದ್ದರೂ ಒದ್ದೆ ಎಲೆಗಳ ಮೇಲೆಲ್ಲ ಬಿಳಿ ಹೊಳಪು ಕೂತಿರುತ್ತದೆ. ಕಣ್ಣಿಗೆ ಹಸಿರು, ಫೋಟೋದಲ್ಲಿ ಬೂದಿ. ಪೋಲರೈಸರಿನ ಮುಂದಿನ ಬಳೆಯನ್ನು ಮೆಲ್ಲಗೆ ತಿರುಗಿಸುತ್ತಾ ಬನ್ನಿ. ಒಂದು ಕಡೆ ಆ ಹೊಳಪು ಇಳಿದು ವೀಳ್ಯದ ಬಳ್ಳಿಯ ಹಸಿರು, ಕಾಳುಮೆಣಸಿನ ಎಲೆಯ ಕಪ್ಪು ಹಸಿರು ಬೇರೆ ಬೇರೆಯಾಗಿ ಮೇಲೆ ಬರುತ್ತವೆ. ಇದನ್ನು ಕಂಪ್ಯೂಟರಿನಲ್ಲಿ ಆಮೇಲೆ ತರಲು ಹೋದರೆ ಸಿಗುವುದಿಲ್ಲ. ಹೊಳಪಿನಡಿ ಮುಚ್ಚಿಹೋದ ಬಣ್ಣ ಫೈಲಿನಲ್ಲಿ ಇರುವುದೇ ಇಲ್ಲ.

ನೀರಿಗೂ ಹೀಗೆಯೇ. ತುಂಗೆಯ ದಡದಲ್ಲಿ ನಿಂತು ನೀರಿನ ಮಟ್ಟಕ್ಕೆ ಸುಮಾರು 37 ಡಿಗ್ರಿ ಓರೆಯಲ್ಲಿ ನೋಡಿದರೆ ಪ್ರತಿಬಿಂಬ ಹೆಚ್ಚುಕಡಿಮೆ ಪೂರ್ತಿ ಮಾಯವಾಗಿ ತಳದ ಕಲ್ಲು ಕಾಣುತ್ತದೆ. ಆಕಾಶ ಗಾಢವಾಗುವುದು ಸೂರ್ಯನಿಗೆ 90 ಡಿಗ್ರಿ ಇರುವ ಕಡೆ. ತೋರುಬೆರಳನ್ನು ಸೂರ್ಯನತ್ತ ಹಿಡಿದು ಹೆಬ್ಬೆರಳನ್ನು ನೇರ ಬಿಡಿಸಿ, ಅದು ತೋರಿಸುವ ಕಡೆ ತಿರುಗಿ. ಅಗಲದ ಲೆನ್ಸಿನಲ್ಲಿ ಆಕಾಶದ ಒಂದು ಭಾಗ ಮಾತ್ರ ಕಪ್ಪಾಗಿ ಪಟ್ಟೆ ಬೀಳಬಹುದು, ಎಚ್ಚರ. ಜೋಗದಲ್ಲಿ ಕಾಮನಬಿಲ್ಲು ಬಂದಾಗಲೂ ತಿರುಗಿಸಿ ನೋಡಿಕೊಳ್ಳಿ. ತಪ್ಪು ಕಡೆ ತಿರುಗಿಸಿದರೆ ಬಿಲ್ಲೇ ಅಳಿಸಿಹೋಗುತ್ತದೆ. ಕಾರಿನ ಕ್ರೋಮಿನಂಥ ಬರೀ ಲೋಹದ ಹೊಳಪಿಗೆ ಇದು ನಡೆಯುವುದಿಲ್ಲ. ಒಂದೂವರೆಯಿಂದ ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿದಂತೆ) ಬೆಳಕು ತಿನ್ನುತ್ತದೆ, ಹಾಗಾಗಿ ಕಾಡಿನೊಳಗೆ ಹಕ್ಕಿ ಹಿಂದೆ ಹೋಗುವಾಗ ಬಿಚ್ಚಿಡಿ.

ಎನ್‌ಡಿ ಬರೀ ಬೆಳಕು ಕಡಿಮೆ ಮಾಡುವ ಕಪ್ಪು ಗಾಜು. ಹೆಸರಿನ ಸಂಖ್ಯೆ ಅಂದರೆ ಶಟರ್ ತೆರೆದಿರುವ ಹೊತ್ತು ಎಷ್ಟು ಪಟ್ಟು ಹೆಚ್ಚಬೇಕು ಅನ್ನುವುದು. 1/60 ಸೆಕೆಂಡಿನ ಶಟರ್ ಎನ್‌ಡಿ 8 ಹಾಕಿದರೆ ಸುಮಾರು 1/8 ಆಗುತ್ತದೆ, ಎನ್‌ಡಿ 64ಕ್ಕೆ ಒಂದು ಸೆಕೆಂಡ್, ಎನ್‌ಡಿ 1000ಕ್ಕೆ ಹದಿನಾರು ಸೆಕೆಂಡಿನ ಆಸುಪಾಸು. ಟ್ರೈಪಾಡ್ ಇಲ್ಲದೆ ಬಾಡಿಗೆಗೆ ಒಯ್ಯಬೇಡಿ, ದುಡ್ಡು ದಂಡ. ಎನ್‌ಡಿ 1000 ಹಾಕಿದ ಮೇಲೆ ಏನೂ ಕಾಣುವುದಿಲ್ಲ, ಅದಕ್ಕೆ ಮೊದಲೇ ಫೋಕಸ್ ಮಾಡಿ ಮ್ಯಾನುಯಲ್‌ಗೆ ಹಾಕಿಡಿ. ಒಂದು ಸ್ವಂತ ಅಭಿಪ್ರಾಯ: ತುಂಬಿದ ಜೋಗಕ್ಕೆ ಎನ್‌ಡಿ 1000 ಬೇಡ. 253 ಮೀಟರಿನಿಂದ ಬೀಳುವ ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ಹತ್ತಿಯ ಹಾಗೆ ಒಂದೇ ಥರ ಆಗಿಬಿಡುತ್ತವೆ. ರಾಕೆಟ್ ಚಿಮ್ಮುವುದೇ ಕಾಣದಿದ್ದರೆ ಅದಕ್ಕೆ ಆ ಹೆಸರು ಯಾಕೆ? ಕಾಡಿನ ಸಣ್ಣ ತೊರೆಗೆ ಬೇಕಾದರೆ ಎಷ್ಟು ಹೊತ್ತಾದರೂ ಬಿಡಿ.

ಬಾಡಿಗೆ ವಿಷಯ. ಎಲ್ಲ ಫಿಲ್ಟರುಗಳೂ 77 ಎಂಎಂ ಅಗಲದವು. ನಿಮ್ಮ ಲೆನ್ಸಿನ ಮುಂಭಾಗದಲ್ಲಿ ಸೊನ್ನೆಗೆ ಅಡ್ಡಗೆರೆ ಎಳೆದ ಗುರುತಿನ ಪಕ್ಕದ ಸಂಖ್ಯೆ ನೋಡಿ ಹೇಳಿ, 49ರಿಂದ 72ರವರೆಗೆ ಕೂರುವ ಸ್ಟೆಪ್-ಅಪ್ ರಿಂಗ್ (ಸಣ್ಣ ಲೆನ್ಸಿಗೆ ದೊಡ್ಡ ಫಿಲ್ಟರ್ ಕೂರಿಸುವ ಬಳೆ) ಜೊತೆಗೇ ಕೊಡುತ್ತೇವೆ. ರಿಂಗ್ ಹಾಕಿದರೆ ನಿಮ್ಮ ಹುಡ್ ಕೂರುವುದಿಲ್ಲ, ಕೈಯನ್ನೇ ನೆರಳು ಮಾಡಿಕೊಳ್ಳಬೇಕು. ಪೋಲರೈಸರ್ ದಿನಕ್ಕೆ 150 ರೂಪಾಯಿ, ಎನ್‌ಡಿ 120. ಶನಿವಾರ ಸಂಜೆ ಒಯ್ದು ಸೋಮವಾರ ಬೆಳಿಗ್ಗೆ ತಂದರೆ ಒಂದೇ ದಿನದ ಲೆಕ್ಕ. ಠೇವಣಿ ಇರುತ್ತದೆ. ಬೆರಳಚ್ಚು ಇದ್ದರೆ ನಾವೇ ಒರೆಸಿಕೊಳ್ಳುತ್ತೇವೆ, ಗೀರು ಬಿದ್ದರೆ ಠೇವಣಿಯಿಂದ ಕಳೆಯುತ್ತೇವೆ. ಪಂಚೆ, ಶರ್ಟಿನ ತುದಿಯಿಂದ ಒರೆಸಬೇಡಿ. ಮೊದಲು ಬ್ಲೋವರಿನಿಂದ ಧೂಳು ಊದಿ, ಆಮೇಲೆ ನಾವು ಕೊಡುವ ಬಟ್ಟೆ.

ಹಳೆಯ ಯುವಿ ಫಿಲ್ಟರ್ ನಮ್ಮಲ್ಲೇ ತಗೊಂಡಿದ್ದರೆ ಲೆನ್ಸ್ ಸಮೇತ ತನ್ನಿ. ಕತ್ತಲೆ ಕೋಣೆಯಲ್ಲಿ ನಿಮ್ಮೆದುರೇ ಪರೀಕ್ಷೆ ಮಾಡುತ್ತೇವೆ. ದೆವ್ವ ಕಂಡರೆ ಕೊಟ್ಟ ಬೆಲೆಯ ಅರ್ಧವನ್ನು ಹುಡ್ ಅಥವಾ ಒಳ್ಳೆಯ ಫಿಲ್ಟರಿಗೆ ಮುರಿದುಕೊಡುತ್ತೇವೆ. ಬಿಲ್ ಇಲ್ಲದಿದ್ದರೂ ಪರವಾಗಿಲ್ಲ, ಆ ಮಾಲಿನ ಗುರುತು ನಮಗೆ ಚೆನ್ನಾಗಿ ಗೊತ್ತು. ಬಿಚ್ಚಲು ಬರುತ್ತಿಲ್ಲವಾದರೆ ಇಕ್ಕಳ ಹಾಕಬೇಡಿ. ಅಗಲದ ರಬ್ಬರ್ ಬ್ಯಾಂಡ್ ಸುತ್ತಿ ಹಗುರ ಕೈಯಲ್ಲಿ ತಿರುಗಿಸಿ. ಬಿಗಿಯಾಗಿ ಅದುಮಿದಷ್ಟೂ ಬಳೆ ಸೊಟ್ಟಗಾಗಿ ಇನ್ನೂ ಕಚ್ಚಿಕೊಳ್ಳುತ್ತದೆ. ಆಗಲೂ ಬರದಿದ್ದರೆ ಹಾಗೇ ತನ್ನಿ, ಅದಕ್ಕೆ ದುಡ್ಡು ತಗೊಳ್ಳುವುದಿಲ್ಲ.

ಇಂತಿ,
ನಿಮ್ಮ ಕ್ಯಾಮೆರಾ ಅಂಗಡಿಯವರು
ಶಿವಮೊಗ್ಗ