ಅರ್ಧ ರೊಟ್ಟಿಯ ಪ್ರಧಾನಿ: ನೈರೋಬಿಯ ಗೆಳೆಯನಿಗೊಂದು ಪತ್ರ

ಗೆಳೆಯಾ,

ಹೋದ ವಾರ ಫೋನಿನಲ್ಲಿ ಕೆನ್ಯಾದ ಮಾಜಿ ಪ್ರಧಾನಿ ರೈಲಾ ಒಡಿಂಗಾ ಬಗ್ಗೆ ನಮ್ಮ ಜಗಳ ಅರ್ಧಕ್ಕೇ ನಿಂತಿತು. "ರೈಲಾ ಒಡಿಂಗಾ ಬರೀ ಅವಕಾಶವಾದಿ ಕಣೋ, ಯಾರ ಜೊತೆ ಬೇಕಾದ್ರೂ ಕೈ ಕುಲುಕ್ತಿದ್ದ" ಅಂತ ನೀನು ಹೇಳಿದೆ. ಅಷ್ಟರಲ್ಲಿ ನೆಟ್‌ವರ್ಕ್ ಹೋಯ್ತು. ನನ್ನ ಉತ್ತರ ನಾಲಿಗೆಯ ತುದಿಯಲ್ಲೇ ಉಳಿಯಿತು. ಅದಕ್ಕೇ ಈ ಪತ್ರ. ಅವನನ್ನು ಏಕವಚನದಲ್ಲೇ ಬರೆಯುತ್ತೇನೆ. ಹತ್ತಿರದವರನ್ನು ಹಾಗೆ ತಾನೇ ಕರೆಯೋದು?

ಅವನ ಮೇಲೆ ನನಗೆ ಯಾಕಿಷ್ಟು ಕಣ್ಣು ಅಂತಲೂ ಕೇಳಿದ್ದೆ. ಕಣ್ಣೇ ಕಾರಣ ಮಾರಾಯ. ಕೆಲವು ವರ್ಷಗಳ ಹಿಂದೆ ಅಮ್ಮನ ಕಣ್ಣಿಗೆ ಆಯುರ್ವೇದ ಚಿಕಿತ್ಸೆ ಮಾಡಿಸಲು ಕೇರಳದ ಕೂತ್ತಾಟ್ಟುಕುಳಂಗೆ ಹೋಗಿದ್ದೆವಲ್ಲ, ನೆನಪಿದೆಯಾ? ಬೆಳಗಾದರೆ ಎಣ್ಣೆ ವಾಸನೆ, ಅಮ್ಮನ ಕಣ್ಣಿಗೆ ಬಿಳಿ ಬಟ್ಟೆ, ಹೊರಗೆ ರಬ್ಬರ್ ತೋಟದ ಪಕ್ಕದ ಏರು ರಸ್ತೆ. ಅಮ್ಮ ನನ್ನ ಕೈ ಹಿಡಿದು ಅಲ್ಲೇ ವಾಕಿಂಗ್ ಮಾಡುತ್ತಿದ್ದಳು. ರೈಲಾನ ಮಗಳು ರೋಸ್‌ಮೇರಿ ದೃಷ್ಟಿ ಕಳೆದುಕೊಂಡು, ಅದೇ ಊರಿನ ಚಿಕಿತ್ಸೆಯಿಂದ ಮತ್ತೆ ಕಾಣುವಂತಾದ ಸುದ್ದಿಯನ್ನು ಮೋದಿ 2022ರಲ್ಲಿ ರೇಡಿಯೋದಲ್ಲೂ ಹೇಳಿದ್ದರು. ಆಮೇಲೆ ರೈಲಾ ತನಗೇ ಚಿಕಿತ್ಸೆ ಬೇಕೆಂದು ಅಲ್ಲಿಗೆ ಬಂದ. 2025ರ ಅಕ್ಟೋಬರ್ 15ರ ಬೆಳಿಗ್ಗೆ ವಾಕಿಂಗ್ ಹೋದವನು ಕುಸಿದುಬಿದ್ದ. 80 ವರ್ಷ. ಟಿವಿಯಲ್ಲಿ ಊರಿನ ಹೆಸರು ಬಂದಾಗ ಅಮ್ಮ, "ಆ ಏರಿನಲ್ಲಾ? ನಂಗೇ ಉಸಿರು ಕಟ್ತಿತ್ತು" ಅಂದಳು.

ಈಗ ಕೈ ಕುಲುಕಿದ ವಿಚಾರಕ್ಕೆ ಬರ್ತೀನಿ.

ಮೊದಲು ಆ ಕೈಗೆ ಕೋಳ ಬಿದ್ದಿತ್ತು ಅನ್ನೋದನ್ನು ಮರೀಬೇಡ. 1982ರ ಆಗಸ್ಟ್‌ನಲ್ಲಿ ವಾಯುಪಡೆಯ ಕೆಲವರು ಅಧ್ಯಕ್ಷ ಮೊಯ್ ವಿರುದ್ಧ ದಂಗೆ ಎದ್ದು ಸೋತರು. ಪೂರ್ವ ಜರ್ಮನಿಯಲ್ಲಿ ಇಂಜಿನಿಯರಿಂಗ್ ಓದಿ ಬಂದಿದ್ದ ರೈಲಾನ ಮೇಲೆ ರಾಜದ್ರೋಹದ ಆರೋಪ ಬಂತು. ಆರೋಪ ಕೈಬಿಟ್ಟರು, ಅವನನ್ನು ಮಾತ್ರ ಬಿಡಲಿಲ್ಲ. ವಿಚಾರಣೆಯೇ ಇಲ್ಲದೆ ಆರು ವರ್ಷ. 1984ರಲ್ಲಿ ತಾಯಿ ತೀರಿಕೊಂಡರು. ಆ ಸುದ್ದಿ ಅವನಿಗೆ ಮುಟ್ಟಿದ್ದು ಎರಡು ತಿಂಗಳು ಕಳೆದ ಮೇಲೆ. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಬಿಡುಗಡೆಯಾದ ಮೇಲೂ ಎರಡು ಸಲ ಹಿಡಿದು ಹಾಕಿದರು. ಕೊನೆಗೆ 1991ರಲ್ಲಿ ಪಾದ್ರಿ ವೇಷ ಹಾಕಿ, ವಿಕ್ಟೋರಿಯಾ ಸರೋವರ ದಾಟಿ, ಉಗಾಂಡಾ ಮೂಲಕ ನಾರ್ವೆಗೆ ಹೋದ. ಮರುವರ್ಷ ವಾಪಸ್ ಬಂದು ಸಂಸತ್ತಿಗೆ ಗೆದ್ದ.

ಅಂಥವನೇ ಮುಂದೆ ಅದೇ ಮೊಯ್ ಸಂಪುಟ ಸೇರಿದ. ಹೌದು, ನೀನು ಹೇಳಿದ್ದು ಅಲ್ಲಿ ಸರಿ. ಆದರೆ 2002ರಲ್ಲಿ ಮೊಯ್ ತನ್ನ ಉತ್ತರಾಧಿಕಾರಿಯಾಗಿ ಉಹುರು ಕೆನ್ಯಾಟಾನನ್ನು ಆರಿಸಿದಾಗ ಹೊರಬಂದು, "ಕಿಬಾಕಿ ತೋಶಾ", ಅಂದರೆ ಅಧ್ಯಕ್ಷನಾಗಲು ವಿರೋಧ ಪಕ್ಷದ ನಾಯಕ ಕಿಬಾಕಿಯೇ ಸಾಕು, ಅಂತ ಎರಡೇ ಮಾತಿನಲ್ಲಿ ವಿರೋಧ ಪಕ್ಷಗಳನ್ನು ಒಂದು ಮಾಡಿದ. ಅಪಘಾತದಲ್ಲಿ ಗಾಯಗೊಂಡ ಕಿಬಾಕಿ ಲಂಡನ್ ಆಸ್ಪತ್ರೆಯಲ್ಲಿದ್ದಾಗ ಊರೂರು ಸುತ್ತಿದವನು ಇವನೇ. ಗೆದ್ದ ಮೇಲೆ ಕೊಡ್ತೀವಿ ಅಂದಿದ್ದ ಪ್ರಧಾನಿ ಹುದ್ದೆ ಕೊಡಲಿಲ್ಲ.

ಅದು ಸಿಕ್ಕಿದ್ದು ರಕ್ತ ಹರಿದ ಮೇಲೆ. 2007ರ ಚುನಾವಣೆಯಲ್ಲಿ ಕಿಬಾಕಿ ಎದುರು ಇವನೇ ನಿಂತಿದ್ದ. ಡಿಸೆಂಬರ್ 30ರ ಮುಸ್ಸಂಜೆ ಕಿಬಾಕಿ ಗೆದ್ದರೆಂದು ಘೋಷಿಸಿ, ಒಂದು ಗಂಟೆಯೊಳಗೆ ಪ್ರಮಾಣವಚನವನ್ನೂ ಮುಗಿಸಿದರು. ಆ ಫಲಿತಾಂಶದ ಜಗಳದಲ್ಲಿ ಎರಡು ತಿಂಗಳಲ್ಲಿ 1,100ಕ್ಕೂ ಹೆಚ್ಚು ಜನ ಸತ್ತರು, ಸುಮಾರು ಆರು ಲಕ್ಷ ಜನ ಮನೆ ಬಿಟ್ಟರು. ವಿಶ್ವಸಂಸ್ಥೆಯ ಮಾಜಿ ಮುಖ್ಯಸ್ಥ ಕೋಫಿ ಅನ್ನಾನ್ ನಡುವೆ ಕೂತು ಒಪ್ಪಂದ ಮಾಡಿಸಿದರು. 1964ರಲ್ಲಿ ರದ್ದಾಗಿದ್ದ ಪ್ರಧಾನಿ ಹುದ್ದೆಯನ್ನು ಇವನಿಗಾಗಿಯೇ ಮತ್ತೆ ತಂದರು. ನಿಮ್ಮ ಊರಿನವರು ಆ ಸರ್ಕಾರಕ್ಕೆ ಇಟ್ಟ ಹೆಸರು "ನುಸು ಮ್ಕಾಟೆ", ಅರ್ಧ ರೊಟ್ಟಿ. ಆ ಅರ್ಧದಲ್ಲೂ ಎಷ್ಟು ತುಣುಕು ಅಂದ್ರೆ, ತನಗೆ ಕೆಂಪು ಹಾಸು ಹಾಸಲಿಲ್ಲ, ಸರಿಯಾದ ಶೌಚಾಲಯ ಕೊಡಲಿಲ್ಲ ಅಂತ ಪ್ರಧಾನಿಯೇ ಬಹಿರಂಗವಾಗಿ ದೂರಬೇಕಾಯಿತು. ಜನ ನಕ್ಕರು. ನಾನೂ ನಕ್ಕೆ.

ಆದರೆ ಆ ಅರ್ಧ ರೊಟ್ಟಿ ಸರ್ಕಾರವೇ 2010ರಲ್ಲಿ ಹೊಸ ಸಂವಿಧಾನ ತಂದಿತು. 47 ಕೌಂಟಿಗಳು, ಹೊಸ ಸುಪ್ರೀಂ ಕೋರ್ಟ್. ಪ್ರಧಾನಿ ಹುದ್ದೆಯೇ ಅದರಲ್ಲಿ ಇಲ್ಲ! ಕೂತ ಕುರ್ಚಿಯನ್ನೇ ತೆಗೆದುಹಾಕುವ ಸಂವಿಧಾನಕ್ಕೆ ಓಟು ಕೇಳಿದವನನ್ನು ಬರೀ ಅವಕಾಶವಾದಿ ಅಂದ್ರೆ ಹೇಗೆ ಒಪ್ಪಲಿ? ಅವನಿಗೆ ಅಧ್ಯಕ್ಷನಾಗುವ ಆಸೆ ಇತ್ತು ಅನ್ನು, ಒಪ್ತೀನಿ. ಐದು ಸಲ ನಿಂತ, ಐದು ಸಲವೂ ಸೋತ. 2017ರಲ್ಲಿ ಅವನ ಅರ್ಜಿಯ ಮೇಲೆ ಅದೇ ಹೊಸ ಕೋರ್ಟ್ ಆಗ ಅಧ್ಯಕ್ಷನಾಗಿದ್ದ ಉಹುರುವಿನ ಗೆಲುವನ್ನೇ ರದ್ದು ಮಾಡಿತು. ಆಫ್ರಿಕಾದಲ್ಲಿ ಅದೇ ಮೊದಲು. ಮರುಚುನಾವಣೆಯನ್ನು ಬಹಿಷ್ಕರಿಸಿ, 2018ರ ಜನವರಿಯಲ್ಲಿ ಉಹುರು ಪಾರ್ಕ್‌ನಲ್ಲಿ ತಾನೇ "ಜನರ ಅಧ್ಯಕ್ಷ" ಅಂತ ಪ್ರಮಾಣ ಮಾಡಿಕೊಂಡ. ಮಾರ್ಚ್‌ನಲ್ಲಿ ಅದೇ ಉಹುರುವಿನ ಕೈ ಕುಲುಕಿದ. 2022ರಲ್ಲಿ ಸುಮಾರು 2.3 ಲಕ್ಷ ಮತಗಳಿಂದ ರೂಟೋಗೆ ಸೋತಾಗ ಅದೇ ಕೋರ್ಟ್ ಅವನ ಅರ್ಜಿ ತಳ್ಳಿಹಾಕಿತು.

ನನಗೆ ನುಂಗಲಾಗದ್ದು ಕೊನೆಯ ಕೈಕುಲುಕು. 2024ರಲ್ಲಿ ತೆರಿಗೆ ವಿರುದ್ಧ ಬೀದಿಗಿಳಿದ ಹುಡುಗ ಹುಡುಗಿಯರಿಗೆ ಗುಂಡು ಹೊಡೆದರು. ಕೆಲವೇ ವಾರಗಳಲ್ಲಿ ಅವನ ಪಕ್ಷದವರು ರೂಟೋ ಸಂಪುಟದಲ್ಲಿ ಕೂತರು. 2025ರ ಮಾರ್ಚ್‌ನಲ್ಲಿ ಅವನೇ ಒಪ್ಪಂದಕ್ಕೆ ಸಹಿ ಹಾಕಿದ. 2008ರಲ್ಲಿ ಕೈ ಕುಲುಕಿದ್ದರಿಂದ ಜನ ಸಾಯೋದು ನಿಂತಿತು. ಈ ಸಲ ಸತ್ತವರ ಮನೆಯವರನ್ನು ಯಾರು ಕೇಳಿದರು? ಇಲ್ಲಿ ನಿನ್ನ ಜೊತೆ ನಾನು ಜಗಳ ಆಡೋದಿಲ್ಲ.

ಆದರೂ ಶವ ನೈರೋಬಿಗೆ ಬಂದ ದಿನ ನೀನೇ ವಿಡಿಯೋ ಕಳಿಸಿದ್ದೆ. ಕೈಯಲ್ಲಿ ಹಸಿ ಕೊಂಬೆ ಹಿಡಿದು "ಬಾಬಾ, ಬಾಬಾ" ಅಂತ ಕೂಗುವ ಜನ. ಅಲ್ಲಿ ಬಾಬಾ ಅಂದ್ರೆ ಅಪ್ಪ ಅಂತ ನಾನು ಅಮ್ಮನಿಗೆ ಬಿಡಿಸಿ ಹೇಳಬೇಕಾಯಿತು. ಅವಳು ಸಾಯಿಬಾಬಾ ಭಕ್ತರು ಅಂದುಕೊಂಡಿದ್ದಳು. ಕಸರಾನಿ ಸ್ಟೇಡಿಯಂನಲ್ಲಿ ಆ ಗುಂಪಿನ ಮೇಲೂ ಗುಂಡು ಹಾರಿತು.

ನೀನು ಕಿಸುಮು ಕಡೆ ಹೋದಾಗ ಮೀನು ತಿಂದು ವಾಪಸ್ ಬರಬೇಡ. ಬೊಂಡೋಗೂ ಹೋಗಿ ಬಾ. ತಂದೆ ಜರಾಮೋಗಿಯನ್ನು ಮಣ್ಣು ಮಾಡಿದ ಜಾಗದಲ್ಲೇ ಇವನೂ ಮಲಗಿದ್ದಾನೆ. 2027ಕ್ಕೆ ಚುನಾವಣೆ, ಇವನಿಲ್ಲದೆ. ಅಲ್ಲಿ ಚಹಾ ಅಂಗಡಿಯಲ್ಲಿ ಜನ ಈಗ ಯಾರ ಹೆಸರು ಹೇಳ್ತಾರೆ ಅಂತ ಕೇಳಿ ಬರೆ.

ಅಮ್ಮ ನಿನ್ನನ್ನು ಕೇಳಿದಳು. ಕಣ್ಣು ಈಗ ಪರವಾಗಿಲ್ಲ.

ಇಂತಿ ನಿನ್ನ ಗೆಳೆಯ