ಇಮೇಲ್ ಸರ್ವರ್ ಅಪ್‌ಗ್ರೇಡ್‌ನಿಂದ ಆದ ತೊಂದರೆ ಬಗ್ಗೆ ದೂರು

ಚಾಮರಾಜಪೇಟೆ, ಬೆಂಗಳೂರು
14 ಜುಲೈ 2025

ಗೆ,
ಗ್ರಾಹಕ ಸೇವೆಯ ಮುಖ್ಯಸ್ಥರು

ವಿಷಯ: ಜುಲೈ 5ರ ಸರ್ವರ್ ಬದಲಾವಣೆ ಮತ್ತು 26ಕ್ಕೆ ಆಗಲಿರುವ ನಮ್ಮ ರಾಜಾಜಿನಗರ ಶಾಖೆಯ ಬದಲಾವಣೆ

ಮಾನ್ಯರೇ,

ಚಾಮರಾಜಪೇಟೆಯಲ್ಲಿ ನಮ್ಮದೊಂದು ಚಿಕ್ಕ ಪ್ರಿಂಟಿಂಗ್ ಪ್ರೆಸ್ ಇದೆ. ಒಂಬತ್ತು ವರ್ಷದಿಂದ ಇಮೇಲ್ ಸೇವೆಯನ್ನು ನಿಮ್ಮಲ್ಲೇ ತೆಗೆದುಕೊಂಡಿದ್ದೇವೆ. ಜುಲೈ 5, ಶನಿವಾರ ರಾತ್ರಿ ನೀವು ಸರ್ವರ್‌ಗೆ ಹೊಸ ಸಾಫ್ಟ್‌ವೇರ್ ಹಾಕಿದಿರಿ. ಸೋಮವಾರ ಬೆಳಗ್ಗೆ ಶುರುವಾದ ನಮ್ಮ ಪರದಾಟ ಇವತ್ತಿಗೂ ಮುಗಿದಿಲ್ಲ.

ಆಷಾಢದಲ್ಲಿ ಪ್ರೆಸ್‌ನವರಿಗೆ ಕೆಲಸ ಇರಲ್ಲ ಅಂತ ಜನ ಅಂದುಕೊಳ್ಳುತ್ತಾರೆ. ಆದರೆ ಶ್ರಾವಣದ ಮದುವೆ, ಗೃಹಪ್ರವೇಶದ ಕಾರ್ಡುಗಳ ಪ್ರೂಫ್ ಹೋಗುವುದು ಈಗಲೇ. ತಿದ್ದಿದ ಪ್ರೂಫನ್ನು ಸ್ಕ್ಯಾನ್ ಮಾಡಿದರೆ ನಮ್ಮ ಮೆಷಿನ್ ಅದನ್ನು ನೇರವಾಗಿ ಗ್ರಾಹಕರಿಗೆ ಮೇಲ್ ಮಾಡುತ್ತಿತ್ತು. ಈಗ ಮಾಡುತ್ತಿಲ್ಲ. 2011ರಲ್ಲಿ ತಂದ ಮೆಷಿನ್ ಅದು, ಮೇಲನ್ನು ದಾರಿಯಲ್ಲಿ ಯಾರೂ ಓದದಂತೆ ಕಾಪಾಡುವ ಟಿಎಲ್‌ಎಸ್ ಎಂಬ ವಿಧಾನದಲ್ಲಿ ಅದಕ್ಕೆ 1.0 ಬಿಟ್ಟು ಬೇರೆ ಗೊತ್ತಿಲ್ಲ. ನಿಮ್ಮ ಹೊಸ ಸರ್ವರ್ 1.2ಕ್ಕಿಂತ ಹಳೆಯದನ್ನು ಒಳಗೇ ಬಿಡುವುದಿಲ್ಲ. ಫೋನ್ ಮಾಡಿದರೆ ನಿಮ್ಮವರು, "ಮೆಷಿನ್ ಹಳೇದು ಸಾರ್, ಬದಲಾಯಿಸಿ" ಅಂದರು.

ಟಿಎಲ್‌ಎಸ್ 1.0 ಬಂದದ್ದು 1999ರಲ್ಲಿ. ಅದು ಇನ್ನು ಸುರಕ್ಷಿತ ಅಲ್ಲ ಅನ್ನುವುದನ್ನು ಒಪ್ಪುತ್ತೇನೆ. 1.0 ಮತ್ತು 1.1 ಎರಡನ್ನೂ ಬಳಸಬಾರದು ಎಂದು ಇಂಟರ್ನೆಟ್‌ನ ನಿಯಮ ಬರೆಯುವವರು 2021ರ ಮಾರ್ಚ್‌ನಲ್ಲೇ ಹೇಳಿದ್ದಾರೆ. ಅಂದರೆ ನಮಗೆ ತಿಳಿಸಲು ನಿಮಗೆ ನಾಲ್ಕು ವರ್ಷ ಇತ್ತು, ಅಲ್ವಾ? ಯಾವ ಗ್ರಾಹಕರ ಮೆಷಿನ್ ಯಾವ ಟಿಎಲ್‌ಎಸ್‌ನಲ್ಲಿ ಬರುತ್ತಿದೆ ಎಂಬುದನ್ನು ಸರ್ವರ್ ತನ್ನ ಲಾಗ್ ಎಂಬ ದಾಖಲೆಯಲ್ಲಿ ಬರೆದಿಡಬಲ್ಲದು. ಅದನ್ನು ತೆಗೆದು ನೋಡಿದ್ದರೆ ನಮ್ಮ ಪ್ರೆಸ್ ಹೆಸರು ನಿಮ್ಮ ಕಣ್ಣಿಗೆ ಬೀಳುತ್ತಿತ್ತು. ನನಗೆ ಜಾಸ್ತಿ ನೋವಾಗಿರುವುದು ಇದರಿಂದಲೇ. ನೀವು ಎಲ್ಲರಿಗೂ ಕಳಿಸಿದ ಪತ್ರದಲ್ಲಿ ಇದ್ದದ್ದು "ಸೇವೆ ಉತ್ತಮವಾಗಲಿದೆ" ಎಂಬ ಒಂದೇ ಸಾಲು.

ಇನ್ನೊಂದು ತೊಂದರೆಯಿಂದ ನಮಗೆ ಹಣವೂ ಹೋಯಿತು. ನಮ್ಮ ಕೌಂಟರ್‌ನ ಕಂಪ್ಯೂಟರ್ ಪಾಪ್ ವಿಧಾನದಲ್ಲಿ ಮೇಲ್ ಇಳಿಸಿಕೊಳ್ಳುತ್ತದೆ, ಒಂದು ಪ್ರತಿಯನ್ನು ಸರ್ವರ್‌ನಲ್ಲೂ ಬಿಡುತ್ತದೆ. ಪ್ರತಿ ಮೇಲ್‌ಗೂ ಸರ್ವರ್ ಒಂದು ಗುರುತು ಕೊಡುತ್ತದೆ. ಆ ಗುರುತು ನೋಡಿಯೇ ಕಂಪ್ಯೂಟರ್‌ಗೆ ಇದು ಹಳೆಯದು, ಇದು ಹೊಸದು ಅಂತ ತಿಳಿಯುವುದು. ನಿಮ್ಮ ಹೊಸ ಸಾಫ್ಟ್‌ವೇರ್ ಎಲ್ಲಾ ಗುರುತುಗಳನ್ನೂ ಬದಲಾಯಿಸಿತು. ಸೋಮವಾರ ಬೆಳಗ್ಗೆ ಒಂಬತ್ತು ಸಾವಿರಕ್ಕೂ ಜಾಸ್ತಿ ಹಳೇ ಮೇಲ್‌ಗಳು, ಯಾರೂ ಓದೇ ಇಲ್ಲವೇನೋ ಎಂಬಂತೆ ಮತ್ತೆ ಬಂದು ಬಿದ್ದವು. ಒಂದು ಮನೆಯವರು ಲಗ್ನಪತ್ರಿಕೆಗೆ ಎರಡು ಸಲ ತಿದ್ದುಪಡಿ ಕಳಿಸಿದ್ದರು. ಕೌಂಟರ್‌ನ ಹುಡುಗಿ ಮೊದಲನೆಯದನ್ನೇ ಹೊಸದು ಅಂದುಕೊಂಡು ಪ್ರಿಂಟಿಂಗ್‌ಗೆ ಕೊಟ್ಟಳು. ಮುಹೂರ್ತದ ಸಮಯವೇ ತಪ್ಪಾಗಿ 300 ಕಾರ್ಡು ಅಚ್ಚಾದವು. ಅವಳನ್ನು ನಾನು ಬೈಯಲಿಲ್ಲ. ತಪ್ಪು ಅವಳದಲ್ಲ.

ನನ್ನ ಅಕ್ಕನ ಮಗ ಸರ್ವರ್ ಕೆಲಸವೇ ಮಾಡುವವನು. ಭಾನುವಾರ ಕೂತು ನೋಡಿದ. ನೀವು ಈಗ ಹಾಕಿರುವ ಡವ್‌ಕಾಟ್ ಎಂಬ ಮೇಲ್ ಸಾಫ್ಟ್‌ವೇರ್‌ನಲ್ಲಿ ಹಳೆಯ ಗುರುತುಗಳನ್ನೇ ಉಳಿಸಿಕೊಳ್ಳಲು ದಾರಿ ಇದೆಯಂತೆ. ಹಳೇ ಸಾಫ್ಟ್‌ವೇರ್‌ನಿಂದ ಬರುವವರು ಮೊದಲು ಮಾಡಬೇಕಾದ ಕೆಲಸವೇ ಅದು ಅಂದ. ಮೇಲನ್ನು ಸರ್ವರ್‌ನಲ್ಲೇ ಇಟ್ಟು ನೋಡುವ ಐಮ್ಯಾಪ್ ವಿಧಾನದಲ್ಲಿ ನಮ್ಮ 'ಕಳಿಸಿದ ಮೇಲ್' ಫೋಲ್ಡರ್ ಕಾಣದೆ ಹೋದದ್ದೂ ಫೋಲ್ಡರ್ ಹೆಸರಿನ ಮುಂದೆ ಇದ್ದ 'ಇನ್‌ಬಾಕ್ಸ್' ಎಂಬ ಪದ ಬಿಟ್ಟುಹೋಗಿದ್ದರಿಂದ. ಅದನ್ನು ಅವನೇ ಸರಿಮಾಡಿಕೊಟ್ಟ.

ಅವನು ಹೇಳಿದ ಇನ್ನೊಂದು ವಿಷಯ ನನ್ನ ಮನಸ್ಸಲ್ಲಿ ಉಳಿದಿದೆ. ಮೇಲ್ ಕಳಿಸುವ ನಿಯಮ ಬರೆದದ್ದು 1982ರಲ್ಲಿ. ಆಗ ಒಂದು ಸರ್ವರ್ ಇನ್ನೊಂದಕ್ಕೆ 'ಹೆಲೋ' ಅಂತ ಹೇಳಿ ಮಾತು ಶುರು ಮಾಡುತ್ತಿತ್ತು. 1993ರಲ್ಲಿ 'ಇಹೆಲೋ' ಬಂತು. ಆ ಕಡೆಯವರಿಗೆ ಅದು ಅರ್ಥವಾಗದಿದ್ದರೆ ಹಳೇ 'ಹೆಲೋ'ಗೆ ವಾಪಸ್ ಬರಬಹುದು. ಇವತ್ತಿನ ನಿಯಮದಲ್ಲೂ ಸರ್ವರ್‌ಗಳು 'ಹೆಲೋ'ಗೆ ಉತ್ತರ ಕೊಡಲೇಬೇಕು. 2015ರಲ್ಲಿ ಬಂದ ಪೋಸ್ಟ್‌ಫಿಕ್ಸ್ 3.0 ಎಂಬ ಮೇಲ್ ಸಾಫ್ಟ್‌ವೇರ್ ಅಂತೂ, ಅಪ್‌ಗ್ರೇಡ್ ಆದ ಮೇಲೂ ಹಳೇ ರೀತಿಯಲ್ಲೇ ಕೆಲಸ ಮಾಡುತ್ತಾ, ಎಲ್ಲಿ ಬದಲಾಯಿಸಬೇಕು ಅಂತ ಲಾಗ್‌ನಲ್ಲಿ ಎಚ್ಚರಿಸುತ್ತದೆ. ನೋಡಿಕೊಂಡು ಒಪ್ಪಿದ ಮೇಲೆಯೇ ಹೊಸ ರೀತಿ. ಸಾಫ್ಟ್‌ವೇರ್ ಬರೆದವರು ಇಷ್ಟು ಯೋಚಿಸಿರುವಾಗ, ಅದನ್ನು ನಡೆಸುವ ನೀವೂ ಯೋಚಿಸಬೇಕಿತ್ತು.

ನಮ್ಮ ರಾಜಾಜಿನಗರ ಶಾಖೆಯ ಖಾತೆಗಳನ್ನು ಜುಲೈ 26ಕ್ಕೆ ಬದಲಾಯಿಸುತ್ತೀರಂತೆ. ದಯವಿಟ್ಟು ಆ ಖಾತೆಗಳ ಮೇಲ್ ಗುರುತು ಮತ್ತು ಫೋಲ್ಡರ್ ಹೆಸರು ಇದ್ದ ಹಾಗೇ ಇರಲಿ. ಅದು ಆಗುತ್ತದೆ ಎಂದು ಒಂದು ಖಾತೆಯಲ್ಲಿ ತೋರಿಸಿ, ಆಮೇಲೆ ಉಳಿದವನ್ನು ಮುಟ್ಟಿ. ಚಾಮರಾಜಪೇಟೆಯದನ್ನು ಮಾತ್ರ ಈಗ ಹಿಂದಕ್ಕೆ ತಿರುಗಿಸಬೇಡಿ, ಎಲ್ಲಾ ಮೇಲ್ ಇನ್ನೊಂದು ಸಲ ಇಳಿಯುತ್ತದೆ. ಸ್ಕ್ಯಾನ್ ಮೆಷಿನ್‌ಗೆ ಡಿಸೆಂಬರ್‌ವರೆಗೆ ಬೇರೆ ಸರ್ವರ್ ವಿಳಾಸ ಕೊಡಿ. ಅದು ನಮ್ಮ ಅಂಗಡಿಯ ಇಂಟರ್ನೆಟ್ ವಿಳಾಸಕ್ಕೆ (ಐಪಿ) ಮಾತ್ರ ತೆರೆದಿದ್ದರೆ ಸಾಕು. ಅಷ್ಟರಲ್ಲಿ ನಾವು ಬೇರೆ ಮೆಷಿನ್ ತರುತ್ತೇವೆ. 300 ಕಾರ್ಡಿನ ಬಿಲ್ ಇದರ ಜೊತೆ ಇಟ್ಟಿದ್ದೇನೆ, ಆ ಹಣವನ್ನು ಮುಂದಿನ ವರ್ಷದ ಶುಲ್ಕದಲ್ಲಿ ಕಳೆಯಿರಿ.

ಜುಲೈ 21ರ ಸೋಮವಾರದೊಳಗೆ ಬರಹದಲ್ಲಿ ಉತ್ತರ ಬೇಕು. ಬರದಿದ್ದರೆ 26ರ ಕೆಲಸಕ್ಕೆ ನಮ್ಮ ಒಪ್ಪಿಗೆ ಇಲ್ಲ.

ಇತಿ,
ಪ್ರೆಸ್‌ನ ಮಾಲೀಕ